ನುಂಗಿದ ತುತ್ತು ಮೈಗೆ ಹತ್ತುವುದು ಹೇಗೆ?

‘ಎಷ್ಟು ತಿಂದರೂ ಮೈಗೆ ಹತ್ತಲ್ಲ’ ಅನ್ನುತ್ತೇವಲ್ಲ, ಆ ಮಾತಿನಲ್ಲಿ ಸ್ವಲ್ಪ ವಿಜ್ಞಾನವೂ ಇದೆ. ನುಂಗಿದ್ದೆಲ್ಲ ಮೈಗೆ ಸೇರಿತು ಎಂದಲ್ಲ. ಬಾಯಿಯಿಂದ ಗುದದವರೆಗೆ ಇರುವುದು ಒಂದೇ ಉದ್ದನೆಯ ಕೊಳವೆ. ಅದರ ಗೋಡೆ ದಾಟುವ ತನಕ ಊಟ ಒಂದು ಲೆಕ್ಕದಲ್ಲಿ ಮೈಯ ಹೊರಗೇ ಇರುತ್ತದೆ. ದಾಟಬೇಕಾದರೆ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಒಡೆಯಬೇಕು.

ಮೊದಲು ಬಾಯಿ. ಬ್ರೆಡ್ಡಿನ ಚೂರೊಂದನ್ನು ನುಂಗದೆ ಒಂದೆರಡು ನಿಮಿಷ ಅಗಿಯುತ್ತಾ ಇರಿ. ಮೆಲ್ಲಗೆ ಸಿಹಿ ಅನ್ನಿಸುತ್ತದೆ, ಅಲ್ವಾ? ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ, ಅಂದರೆ ಊಟವನ್ನು ಒಡೆಯುವ ವಸ್ತು, ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತಿದೆ. ಗಬಗಬ ನುಂಗಿದರೆ ಈ ಕೆಲಸವೂ ಕರುಳಿನ ತಲೆಗೇ ಬೀಳುತ್ತದೆ.

ಆಮೇಲೆ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ. ಅದರ ಸ್ನಾಯುಗಳು ತುತ್ತನ್ನು ಹಿಂಡಿ ಹಿಂಡಿ ಮುಂದೆ ತಳ್ಳುತ್ತವೆ. ತಲೆಕೆಳಗಾಗಿ ನಿಂತರೂ ತುತ್ತು ಜಠರಕ್ಕೇ ಹೋಗುತ್ತದೆ. (ನಿಂತು ನೋಡಬೇಡಿ, ನೆತ್ತಿಗೆ ಹತ್ತೀತು.)

ಜಠರದ ಕೆಲಸವನ್ನು ಕಣ್ಣಾರೆ ಕಂಡವರು ಅಮೆರಿಕದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಬದುಕಿಕೊಂಡ, ಆದರೆ ಜಠರದ ತೂತು ಮುಚ್ಚಲೇ ಇಲ್ಲ. ಬ್ಯೂಮಾಂಟ್ ಮಾಂಸದ ಚೂರನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಗಂಟೆ ಕಳೆದ ಮೇಲೆ ಎಳೆದು ನೋಡುತ್ತಿದ್ದರು. ಜಠರದ ರಸವನ್ನು ಹೊರತೆಗೆದು ಬೆಚ್ಚಗಿಟ್ಟು ಮಾಂಸ ಹಾಕಿದರೆ ಅಲ್ಲೂ ಅದು ಕರಗಿತು! ಅಂದರೆ ಜಠರ ಸುಮ್ನೆ ಅರೆಯುವುದಿಲ್ಲ. ಅಲ್ಲಿನ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವ ಸೇರಿ ಪ್ರೋಟೀನನ್ನು ಒಡೆಯುತ್ತವೆ. ಜಠರ ತನ್ನನ್ನೇ ಅರಗಿಸಿಕೊಳ್ಳದ ಹಾಗೆ ಒಂದು ಲೋಳೆಯ ಪದರ ಕಾಯುತ್ತದೆ.

ಜಠರಕ್ಕೆ ಹೆಸರು ಜಾಸ್ತಿ. ದುಡಿಮೆ ಜಾಸ್ತಿ ಇರುವುದು ಸಣ್ಣ ಕರುಳಿಗೆ. ಉದ್ದ ಸುಮಾರು 6 ಮೀಟರ್. ಗಂಜಿಯಂತಾದ ಊಟ ಇಲ್ಲಿಗೆ ಇಳಿದ ಕೂಡಲೇ ಪಿತ್ತರಸ ಬಂದು ಕೊಬ್ಬನ್ನು ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಮೇದೋಜೀರಕ ಗ್ರಂಥಿಯ ರಸ ಆಮ್ಲದ ಹುಳಿಯನ್ನು ತಗ್ಗಿಸಿ, ಪಿಷ್ಟ, ಪ್ರೋಟೀನ್, ಕೊಬ್ಬು ಮೂರನ್ನೂ ಒಡೆಯುತ್ತದೆ.

ಕರುಳಿನ ಒಳಗೋಡೆ ಮಖಮಲ್ಲಿನ ಹಾಗಿರುತ್ತದೆ. ಒಂದು ಮಿಲಿಮೀಟರ್ ಆಸುಪಾಸಿನ, ಬೆರಳಿನಂಥ ಲಕ್ಷಾಂತರ ವಿಲ್ಲೈಗಳು ಒತ್ತೊತ್ತಾಗಿ ನಿಂತಿರುತ್ತವೆ. ಗೋಡೆ ದಾಟುವುದು ಇಲ್ಲೇ. ಗ್ಲೂಕೋಸ್ ಮತ್ತು ಪ್ರೋಟೀನ್ ಒಡೆದು ಬಂದ ಅಮೈನೋ ಆಮ್ಲಗಳು ರಕ್ತಕ್ಕೆ ಇಳಿದು ನೇರ ಲಿವರ್‌ಗೆ ಹೋಗುತ್ತವೆ. ಕೊಬ್ಬಿನದು ಬಹುಪಾಲು ಸುತ್ತುದಾರಿ. ರಕ್ತನಾಳದಿಂದ ಬೇರೆಯಾದ ದುಗ್ಧನಾಳ (ಲಿಂಫ್ ನಾಳ) ಹಿಡಿದು ಹೋಗಿ ಆಮೇಲೆ ರಕ್ತ ಸೇರುತ್ತದೆ. ಬಿ12 ವಿಟಮಿನ್ ಮಾತ್ರ ಸಣ್ಣ ಕರುಳಿನ ಕೊನೆಯ ಭಾಗದವರೆಗೂ ಕಾಯುತ್ತದೆ. ಆಪರೇಷನ್‌ನಲ್ಲಿ ಆ ಭಾಗ ತೆಗೆದವರಿಗೆ ಊಟದಲ್ಲಿರುವ ಬಿ12 ನಿಜಕ್ಕೂ ಮೈಗೆ ಹತ್ತುವುದಿಲ್ಲ. ಇಂಜೆಕ್ಷನ್ ಬೇಕಾಗುತ್ತದೆ.

ಉಳಿದದ್ದು ದೊಡ್ಡ ಕರುಳಿಗೆ. ಅಲ್ಲಿ ನೀರು ಹೀರಿಕೆಯಾಗುತ್ತದೆ, ನಮ್ಮಿಂದ ಅರಗದ ನಾರನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ಗ್ಯಾಸ್ ಅವುಗಳದ್ದೇ ಕೊಡುಗೆ. ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಿಡಿಯುತ್ತದೆ. ಹಾಗಾಗಿ ಈ ಬೆಳಗ್ಗೆ ಹೊರಗೆ ಹೋದದ್ದು ನಿನ್ನೆ ರಾತ್ರಿಯ ಊಟವೇ ಆಗಿರಬೇಕೆಂದಿಲ್ಲ.