ಬಂದು ಹೋಗುವ ಚೆಕ್ ಎಂಜಿನ್ ಲೈಟ್: ಕೋಡ್ ಅಳಿಸುವ ಮುನ್ನ

ಎಂಟು ತಿಂಗಳ ಹೊಸ ಕಾರು, ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಬೆಳಿಗ್ಗೆ ಸೆಲ್ಫ್ ಹೊಡೆದ ಮೇಲೆ ಅರ್ಧ ನಿಮಿಷ ನಡುಕ, ಆಮೇಲೆ ಏನೂ ಇಲ್ಲ. ಹಳದಿ ಎಂಜಿನ್ ಚಿಹ್ನೆ ಆಗೀಗ ಹತ್ತುತ್ತಿತ್ತು, ಕೆಲವು ದಿನದಲ್ಲಿ ತಾನೇ ಆರುತ್ತಿತ್ತು. ಸರ್ವೀಸ್ ಸೆಂಟರಿನಲ್ಲಿ ಎರಡು ಸಲವೂ ಕೋಡ್ (ಕಾರಿನ ಕಂಪ್ಯೂಟರ್ ದಾಖಲಿಸುವ ದೋಷದ ಸಂಖ್ಯೆ) ಅಳಿಸಿ, ‘ದೋಷ ಕಂಡುಬಂದಿಲ್ಲ’ ಎಂದು ಜಾಬ್ ಕಾರ್ಡಿನಲ್ಲಿ ಬರೆದು ಕಳಿಸಿದ್ದರು. ದೋಷ ಕಾಣುವ ಒಂದೇ ಜಾಗವನ್ನು ಅವರೇ ಒರೆಸಿ ಹಾಕಿದ್ದರು, ಅಷ್ಟೆ.

ಲೈಟ್ ಆರಿತೆಂದರೆ ರಿಪೇರಿ ಆಯಿತೆಂದಲ್ಲ. ಸಾಮಾನ್ಯವಾಗಿ ಒಂದು ಓಡಾಟದಲ್ಲಿ ದೋಷ ಕಂಡರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದನ್ನು ಪೆಂಡಿಂಗ್ ಕೋಡ್ ಆಗಿ ಇಟ್ಟುಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಕಂಡರೆ ಲೈಟ್ ಹತ್ತಿಸುತ್ತದೆ. ಸತತ ಮೂರು ಓಡಾಟ ಚೆನ್ನಾಗಿ ಆದರೆ ಲೈಟ್ ಆರುತ್ತದೆ, ಕೋಡ್ ಮಾತ್ರ ಸುಮಾರು 40 ಸಲ ಎಂಜಿನ್ ಬಿಸಿಯಾಗುವ ತನಕ ಒಳಗೇ ಉಳಿಯುತ್ತದೆ. ಹಾಗಾಗಿ ಲೈಟ್ ಆರಿದ ಮೇಲೂ ಓದಲು ಬೇಕಾದಷ್ಟು ಸಮಯ ಇದೆ. ಅವಸರ ಬೇಕಿರುವುದು ಲೈಟ್ ಮಿನುಗುತ್ತಿದ್ದರೆ: ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಸುಡುತ್ತಿದೆ ಎಂದರ್ಥ. ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ಹಾಕಬೇಕು. ಕೆಂಪು ಆಯಿಲ್ ಲೈಟ್, ಕೆಂಪು ಟೆಂಪರೇಚರ್ ಲೈಟ್ ಬಂದರೆ ಆ ಕ್ಷಣವೇ ಎಂಜಿನ್ ಆಫ್.

ಸ್ಟೀರಿಂಗ್ ಕೆಳಗಿನ 16 ಪಿನ್ ಒಬಿಡಿ ಸಾಕೆಟ್‌ಗೆ (ದೋಷ ಓದಲು ಕಾರಿನಲ್ಲೇ ಇರುವ ಜಾಗ) ಬ್ಲೂಟೂತ್ ಅಡಾಪ್ಟರ್ ಹಾಕಿ ಮೊಬೈಲ್ ಆ್ಯಪ್‌ನಲ್ಲಿ ಓದಿದೆ. ಇಂಥ ಅಡಾಪ್ಟರ್‌ಗಳಲ್ಲಿರುವ ಚಿಪ್ ಇಎಲ್‌ಎಂ 327. ಅದರ ತೀರಾ ಅಗ್ಗದ ನಕಲಿಗಳಲ್ಲಿ ಕೆಲವು ಮೋಡ್‌ಗಳೇ (ಇಸಿಯುನಿಂದ ಓದುವ ಮಾಹಿತಿಯ ವಿಭಾಗಗಳು) ಬರುವುದಿಲ್ಲ, ಇನ್ನೂರು ರೂಪಾಯಿ ಉಳಿಸಲು ಹೋಗಬೇಡಿ. ಕೆಲಸ ಮುಗಿದ ಮೇಲೆ ಕಿತ್ತಿಡಿ, ರಾತ್ರಿಯಿಡೀ ಬಿಟ್ಟರೆ ಬ್ಯಾಟರಿ ತಿನ್ನುತ್ತದೆ.

ಕೋಡ್ ಪಿ0303, ಅಂದರೆ 3ನೇ ಸಿಲಿಂಡರ್ ಮಿಸ್‌ಫೈರ್, ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕೋಡಿಗಿಂತ ಬೆಲೆಬಾಳುವುದು ಅದರ ಜೊತೆ ಇರುವ ಫ್ರೀಜ್ ಫ್ರೇಮ್, ದೋಷ ದಾಖಲಾದ ಕ್ಷಣದ ರೀಡಿಂಗ್‌ಗಳು. ಕೋಡ್ ಅಳಿಸಿದರೆ ಇದೂ ಹೋಗುತ್ತದೆ, ಆದ್ದರಿಂದ ಮೊದಲು ಸ್ಕ್ರೀನ್‌ಶಾಟ್. ಇಲ್ಲಿ ಇದ್ದದ್ದು: ಕೂಲೆಂಟ್ 29 ಡಿಗ್ರಿ, 860 ಆರ್‌ಪಿಎಂ, ವೇಗ 0, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡಿಕೊಂಡಿದೆ ಎಂಬ ದೀರ್ಘಾವಧಿ ಲೆಕ್ಕ) ಪ್ಲಸ್ 2. ತಣ್ಣನೆಯ ಎಂಜಿನ್, ನಿಂತ ಕಾರು. ಮಧ್ಯಾಹ್ನ ಮೆಕ್ಯಾನಿಕ್ ಎಷ್ಟು ಟ್ರಯಲ್ ಓಡಿಸಿದರೂ ಸಿಗದಿದ್ದುದು ಇದಕ್ಕೇ. ಲಾಂಗ್ ಟರ್ಮ್ ಟ್ರಿಮ್ ಪ್ಲಸ್ ಅಥವಾ ಮೈನಸ್ 10ರ ಒಳಗಿದ್ದರೆ ಸದಾ ಇರುವ ಗಾಳಿ ಸೋರಿಕೆ, ಫ್ಯೂಯಲ್ ಪಂಪ್ ಪ್ರೆಶರ್ ತೊಂದರೆಗಳನ್ನು ಸದ್ಯ ಬದಿಗಿಡಬಹುದು. ಆ ಕ್ಷಣದ ಲೆಕ್ಕವಾದ ಶಾರ್ಟ್ ಟರ್ಮ್ ಟ್ರಿಮ್ 0 ತೋರಿಸುತ್ತಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎಂಜಿನ್ ತಣ್ಣಗಿರುವಾಗ ಆಕ್ಸಿಜನ್ ಸೆನ್ಸರ್ ಮಾತನ್ನು ಇಸಿಯು ಇನ್ನೂ ಕೇಳುತ್ತಿರುವುದಿಲ್ಲ.

ಕೋಡ್ ನೋಡಿ ಪಾರ್ಟ್ ಕೊಳ್ಳುವುದು ದುಡ್ಡು ಸುಡುವ ದಾರಿ. ಇಸಿಯುಗೆ ಗೊತ್ತಾಗುವುದು ಇಷ್ಟೇ: ಕ್ರ್ಯಾಂಕ್ ಸುತ್ತುವಾಗ 3ನೇ ಸಿಲಿಂಡರಿನ ಸರದಿಯಲ್ಲಿ ವೇಗ ಕುಗ್ಗಿತು. ಕಿಡಿ ಬರಲಿಲ್ಲವೋ, ಪೆಟ್ರೋಲ್ ಬರಲಿಲ್ಲವೋ ಅದಕ್ಕೆ ತಿಳಿಯದು. ಅದಕ್ಕೆ ಅದಲು ಬದಲು ಮಾಡಿದೆ. 3ನೇ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಅನ್ನು 1ಕ್ಕೆ, 3ನೇ ಸ್ಪಾರ್ಕ್ ಪ್ಲಗ್ ಅನ್ನು 2ಕ್ಕೆ, ಅಲ್ಲಿಯವನ್ನು ಇಲ್ಲಿಗೆ. ಕೋಡ್ ಪಿ0301 ಆದರೆ ಕಾಯಿಲ್, ಪಿ0302 ಆದರೆ ಪ್ಲಗ್, ಪಿ0303ರಲ್ಲೇ ನಿಂತರೆ ವೈರಿಂಗ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಅಥವಾ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ). ಈ ಎಂಜಿನ್‌ನಲ್ಲಿ ಕಾಯಿಲ್‌ಗೆ ಒಂದೊಂದೇ 10 ನಂಬರ್ ಬೋಲ್ಟ್. ಎಂಜಿನ್ ಪೂರ್ತಿ ತಣ್ಣಗಿರಬೇಕು, ಕಪ್ಲರ್ (ವೈರ್ ತುದಿಯ ಪ್ಲಾಸ್ಟಿಕ್ ಕನೆಕ್ಟರ್) ಲಾಕ್ ಒತ್ತಿಯೇ ಎಳೆಯಬೇಕು, ಪ್ಲಗ್ ಅನ್ನು ಗುಂಡಿಯೊಳಗೆ ಬೀಳಿಸಬಾರದು, ಗ್ಯಾಪ್ ಕೆಡುತ್ತದೆ. ಬಿಗಿತ ಮ್ಯಾನ್ಯುಯಲ್ ಹೇಳಿದಷ್ಟೇ, ಟಾರ್ಕ್ ರೆಂಚ್‌ನಲ್ಲಿ. ಕಾಯಿಲ್ ತಲುಪಲು ಮ್ಯಾನಿಫೋಲ್ಡ್ (ಗಾಳಿ ಒಯ್ಯುವ ಕೊಳವೆಗಳು) ಬಿಚ್ಚಬೇಕಾದ ಎಂಜಿನ್ ಆದರೆ ಅಥವಾ ವಾರಂಟಿಯ ಬಗ್ಗೆ ಅಳುಕಿದ್ದರೆ ಇದೇ ಅದಲು ಬದಲನ್ನು ಜಾಬ್ ಕಾರ್ಡಿನಲ್ಲಿ ಬರೆಸಿ ಅವರಿಂದಲೇ ಮಾಡಿಸಿ.

ಲೈಟ್ ಮತ್ತೆ ಹತ್ತುವ ತನಕ ಕಾಯುವ ಅಗತ್ಯವಿಲ್ಲ. ಮೋಡ್ 06ರಲ್ಲಿ ಸಿಲಿಂಡರ್‌ವಾರು ಮಿಸ್‌ಫೈರ್ ಎಣಿಕೆ ಇರುತ್ತದೆ: ಎ2 ಅಂದರೆ 1ನೇ ಸಿಲಿಂಡರ್, ಎ3 ಎರಡನೆಯದು, ಎ4 ಮೂರನೆಯದು. ಅದರಲ್ಲಿ 0ಬಿ ಕಳೆದ ಹತ್ತು ಓಡಾಟದ ಸರಾಸರಿ, 0ಸಿ ಈಗಿನ ಓಡಾಟದ್ದು. ಮರುದಿನ ಬೆಳಿಗ್ಗೆ ಎ4 ಮಾತ್ರ ಏರಿತು, ಉಳಿದೆರಡು ಸೊನ್ನೆ. ಕಾಯಿಲ್, ಪ್ಲಗ್ ಎರಡೂ ಪಾರು.

ಉಳಿದದ್ದು ಕೈಯಲ್ಲಿ ಅಲ್ಲಾಡಿಸಿ ನೋಡುವ ಕೆಲಸ. ತಣ್ಣಗಿನ ಐಡ್ಲಿಂಗ್‌ನಲ್ಲಿ, ಬೆಲ್ಟ್ ಮತ್ತು ಫ್ಯಾನಿನಿಂದ ಕೈ ದೂರ ಇಟ್ಟು, ಮೊದಲು ಇಂಜೆಕ್ಟರ್ ಕಪ್ಲರ್, ಆಮೇಲೆ ವೈರ್ ಹಾರ್ನೆಸ್ ಬಾಗುವ ಜಾಗ, ಕೊನೆಗೆ ಕಾಯಿಲ್ ಕಪ್ಲರನ್ನು ಮೆಲ್ಲಗೆ ಪಕ್ಕಕ್ಕೆ ಒತ್ತಿದೆ. ಹೈ ಟೆನ್ಷನ್ ಜಾಗವಾದ್ದರಿಂದ ಒಣ ರಬ್ಬರ್ ಗ್ಲೌಸ್ ಬೇಕು. 3ನೇ ಕಾಯಿಲ್ ಕಪ್ಲರ್ ಎಡಕ್ಕೆ ಒತ್ತಿದೊಡನೆ ಎಂಜಿನ್ ನಡುಗಿತು. ಆಫ್ ಮಾಡಿ ಕಪ್ಲರ್ ಬಿಚ್ಚಿ, ಅದೇ ಅಳತೆಯ ಗಂಡು ಪಿನ್ ಒಂದನ್ನು ಒಂದೊಂದು ತೂತಿಗೂ ತೂರಿಸಿ ಎಳೆದೆ. ಎರಡು ಹಿಡಿದುಕೊಂಡವು, ಮೂರನೆಯದು ಬೆಣ್ಣೆಯಲ್ಲಿ ಕಡ್ಡಿ ಆಡಿದಂತೆ ಜಾರಿತು. ಬಹುಶಃ ಎಂಜಿನ್ ಬಿಸಿಯಾಗಿ ಲೋಹ ಹಿಗ್ಗಿದಾಗ ಅದು ಕಚ್ಚಿಕೊಳ್ಳುತ್ತಿತ್ತು, ತಣ್ಣಗಾದಾಗ ಬಿಡುತ್ತಿತ್ತು. ಇಂಥ ತೂತಿಗೆ ಮಲ್ಟಿಮೀಟರ್ ಕಡ್ಡಿ ಚುಚ್ಚಬೇಡಿ. ಬಾಯಿ ಅಗಲವಾಗಿ, ಇಲ್ಲದ ಲೂಸ್ ಕನೆಕ್ಷನ್ ನಾವೇ ಮಾಡಿದಂತಾಗುತ್ತದೆ. ಹಸಿರು ಪಾಚಿಯಂಥ ತುಕ್ಕು ಕಂಡರೆ ನೀರು ನುಗ್ಗಿದೆ ಎಂದು ತಿಳಿಯಿರಿ. ಬಾನೆಟ್ ಒಳಗೆ ಪ್ರೆಶರ್ ವಾಟರ್ ಸರ್ವೀಸ್ ಮಾಡಿಸುವುದು ನನ್ನ ಪ್ರಕಾರ ಶುದ್ಧ ಅನ್ಯಾಯ. ಬೇಸ್‌ಮೆಂಟ್ ಪಾರ್ಕಿಂಗ್‌ನ ಕಾರಾದರೆ ಇಲಿ ಹಲ್ಲಿನ ಗುರುತನ್ನೂ ಟಾರ್ಚ್ ಹಿಡಿದು ಹುಡುಕಿ.

ಒಂದೇ ದೋಷದ ಬದಲು ಎಬಿಎಸ್, ಸ್ಟೀರಿಂಗ್, ಏರ್‌ಬ್ಯಾಗ್ ಎಲ್ಲ ಲೈಟ್‌ಗಳೂ ಒಟ್ಟಿಗೆ ಹತ್ತಿದರೆ ದಾರಿ ಬೇರೆ. ಅಲ್ಲಿ ಮೊದಲ ಅನುಮಾನ ಬ್ಯಾಟರಿ. ರಾತ್ರಿ ನಿಂತ ಮೇಲೆ ಸುಮಾರು 12.6 ವೋಲ್ಟ್ ಇರಬೇಕು, ಸೆಲ್ಫ್ ಹೊಡೆಯುವಾಗ 9.6ರ ಕೆಳಗೆ ಇಳಿಯಬಾರದು. ಮೀಟರಿನ ಒಂದು ಕಡ್ಡಿ ಎಂಜಿನ್ ಲೋಹಕ್ಕೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ವೈರ್ ಸಡಿಲ ಅಥವಾ ತುಕ್ಕು.

ವಾರಂಟಿಯಲ್ಲಿರುವ ಕಾರಿನ ವೈರ್ ಕತ್ತರಿಸಿ ಟೇಪ್ ಸುತ್ತಬೇಡಿ. ಪಿನ್ ಸಡಿಲ ಎಂದು ಗೊತ್ತಾದ ಮೇಲೆ ಕಾರನ್ನು ಸಂಜೆಯೇ ಸರ್ವೀಸ್ ಸೆಂಟರಿನಲ್ಲಿ ಬಿಟ್ಟೆ, ಬೆಳಿಗ್ಗೆ ಮೊದಲ ಸ್ಟಾರ್ಟ್ ಅಲ್ಲೇ ಆಗಲಿ ಎಂದು. ಅಡ್ವೈಸರ್ ‘ಎಂಜಿನ್ ಲೈಟ್ ಕಂಪ್ಲೇಂಟ್’ ಎಂದು ಬರೆದುಕೊಂಡಿದ್ದನ್ನು ಹೊಡೆಸಿ, ‘ತಣ್ಣಗಿದ್ದಾಗ ಐಡ್ಲಿಂಗ್‌ನಲ್ಲಿ 3ನೇ ಸಿಲಿಂಡರ್ ಮಿಸ್‌ಫೈರ್, ಕಾಯಿಲ್ ಕಪ್ಲರ್ ಪಿನ್ ಸಡಿಲ’ ಎಂದು ಬರೆಸಿದೆ. ಜೊತೆಗೆ ಫ್ರೀಜ್ ಫ್ರೇಮ್ ಪ್ರಿಂಟ್, ಕಿಲೋಮೀಟರ್ ಕಾಣುವ ಡ್ಯಾಶ್‌ಬೋರ್ಡ್ ಫೋಟೊ. ಟರ್ಮಿನಲ್ ಬದಲಿಸಿ ಕೊಟ್ಟರು, ಬಿಲ್ ಸೊನ್ನೆ. ಆಮೇಲೆ ಹತ್ತು ದಿನ ಬೆಳಿಗ್ಗೆ ಎ4 ನೋಡಿದೆ, ಒಂದೂ ಎಣಿಕೆ ಬರಲಿಲ್ಲ.

‘ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದ್ದೇವೆ, ಸರಿಹೋಗುತ್ತೆ ಸರ್’ ಎಂದು ಹೇಳಿದರೆ ನೋಡಲು ಮೋಡ್ 09 ಇದೆ. ಅದರಲ್ಲಿ ಕ್ಯಾಲಿಬ್ರೇಶನ್ ಐಡಿ ಎಂಬ ಅಂಕಿ ಅಕ್ಷರಗಳ ಸಾಲು ಇರುತ್ತದೆ, ಇಸಿಯು ಸಾಫ್ಟ್‌ವೇರಿನ ಗುರುತು ಅದು. ಕಾರು ಬಿಡುವ ಮೊದಲು ಒಮ್ಮೆ, ತಂದ ಮೇಲೆ ಒಮ್ಮೆ ಫೋಟೊ ತೆಗೆಯಿರಿ. ಎರಡೂ ಅಕ್ಷರಶಃ ಒಂದೇ ಆಗಿದ್ದರೆ, ಯಾವ ಅಪ್‌ಡೇಟ್ ಎಂದು ಅಲ್ಲೇ ನಿಂತು ಕೇಳಿ.