ಹಿತ್ತಲಿಗೊಂದು ದೀಪ: ಆಷಾಢದಲ್ಲೂ ಆರದ ಹಾಗೆ

ನಮ್ಮ ಮನೆ ಮಲೆನಾಡಿನ ಸಾಗರ ಪೇಟೆಯಿಂದ ಸ್ವಲ್ಪ ಒಳಗೆ. ಹಿತ್ತಲ ಬಾಗಿಲು ತೆಗೆದರೆ ಬಚ್ಚಲು, ಅದರಾಚೆ ಸೌದೆ ಮಾಡು, ಇಪ್ಪತ್ತು ಮೀಟರ್ ದಾಟಿದರೆ ದನದ ಕೊಟ್ಟಿಗೆ. ಬೆಳಗ್ಗೆ ಐದಕ್ಕೆ ಹಾಲು ಕರೆಯಲು ಹೋಗುವುದು ನಾನೇ. ಮೂರು ವರ್ಷದ ಹಿಂದೆ ಆಷಾಢದ ಒಂದು ರಾತ್ರಿ ಅತ್ತೆ ಬಚ್ಚಲ ಮೆಟ್ಟಿಲ ಹತ್ತಿರ ಪಾಚಿಗೆ ಜಾರಿ ಬಿದ್ದರು. ಕೈಮೂಳೆ ಬಿರುಕು ಬಿಟ್ಟಿತು. ಅವತ್ತು ಕರೆಂಟ್ ಇರಲಿಲ್ಲ. ಹಿತ್ತಲಿಗೆ ದೀಪ ಬೇಕೇ ಬೇಕು ಅಂತ ನಾನು ಹಟ ಹಿಡಿದಿದ್ದು ಆಮೇಲೆ.

ದೀಪಾವಳಿ ಹೊತ್ತಿಗೆ ನೆಲಕ್ಕೆ ಚುಚ್ಚುವ ಸೋಲಾರ್ ದೀಪ ಆರು ತಂದೆ. ಬೇಸಿಗೆ ಮುಗಿಯುವವರೆಗೆ ಚೆನ್ನಾಗಿಯೇ ಉರಿದವು. ಜೂನ್ ಬಂತು, ಅರ್ಧ ಗಂಟೆಗೆ ಮಂಕಾಗತೊಡಗಿದವು. ಒಂದನ್ನು ಬಿಚ್ಚಿ ನೋಡಿದೆ. ಒಳಗೆ 1.2 ವೋಲ್ಟಿನ ಒಂದೇ ಒಂದು ಪುಟ್ಟ ಸೆಲ್. ಮೇಲೆ ಅಂಗೈಗಿಂತ ಚಿಕ್ಕ ಪ್ಯಾನೆಲ್. ಮೋಡ ಕವಿದರೆ ಅದು ತಾನೇ ಏನು ಮಾಡೀತು? ನಿಮ್ಮಲ್ಲಿ ಇಂಥ ದೀಪ ಇದ್ದರೆ ಎಸೆಯಬೇಡಿ. ಒಂದೆರಡು ವರ್ಷಕ್ಕೆ ಸೆಲ್ ಸೊರಗುತ್ತದೆ, ಅಷ್ಟೇ. ಅದೇ ಜಾತಿಯ, ಚಾರ್ಜ್ ಆಗುವ ಸೆಲ್ ತಂದು ಹಾಕಿ. ಟಿವಿ ರಿಮೋಟಿನ ಸೆಲ್ ಮಾತ್ರ ಹಾಕಬೇಡಿ. ಅದು ಚಾರ್ಜ್ ಆಗುವುದಕ್ಕೆ ಮಾಡಿದ್ದಲ್ಲ, ಸೋರಿ ದೀಪವನ್ನೇ ಹಾಳು ಮಾಡುತ್ತದೆ.

ಸೋಲಾರ್ ಯಾಕೆ ಬೇಕು ಅನ್ನುವುದನ್ನು ಮೊದಲು ಯೋಚಿಸಿ. ದುಡ್ಡು ಉಳಿಸುವುದಕ್ಕೆ ಅಂತಾದರೆ ಬೇಡ. ನಮ್ಮದು 5 ವ್ಯಾಟಿನ ನಾಲ್ಕು ದೀಪ, ದಿನಕ್ಕೆ ಐದು ಗಂಟೆ. ಅಂದರೆ 100 ವ್ಯಾಟ್ ಅವರ್. ತಿಂಗಳಿಗೆ ಬರೀ 3 ಯೂನಿಟ್. 2023ರಿಂದ ಗೃಹಜ್ಯೋತಿಯಲ್ಲಿ ಎಷ್ಟೋ ಮನೆಗಳಿಗೆ ಬಿಲ್ಲೇ ಬರುತ್ತಿಲ್ಲ. ನನಗೆ ಬೇಕಿದ್ದದ್ದು ಕರೆಂಟ್ ಹೋದ ರಾತ್ರಿಗೆ ಬೆಳಕು. ಮಲೆನಾಡಲ್ಲಿ ತಂತಿ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ. ಆದರೆ ಆ ದಿನಗಳಲ್ಲೇ ಬಿಸಿಲೂ ಇರುವುದಿಲ್ಲ! ಹಾಗಾಗಿ ನಾನು ಮಾಡಿಕೊಂಡ ದಾರಿ ಇದು: ಬ್ಯಾಟರಿ ಒಂದೇ, ಅದನ್ನು ತುಂಬಲು ದಾರಿ ಎರಡು. ಬಿಸಿಲಿದ್ದಾಗ ಪ್ಯಾನೆಲ್, ಮಳೆಗಾಲದಲ್ಲಿ ಕರೆಂಟ್ ಬಂದ ಹೊತ್ತಿಗೆ ಮನೆಯ ಲೈನು.

ಬ್ಯಾಟರಿ 12.8 ವೋಲ್ಟ್, 20 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. ಗುಣಿಸಿದರೆ 256 ವ್ಯಾಟ್ ಅವರ್. ನಮಗೆ ಎರಡು ರಾತ್ರಿಗೆ ಸಾಕು. ನೀರು ಹಾಕುವ ಹಳೇ ಥರದ ಬ್ಯಾಟರಿ ಅಗ್ಗ. ಆದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ, ಆದ್ದರಿಂದ ಅದಾದರೆ ದುಪ್ಪಟ್ಟು ದೊಡ್ಡದು ಬೇಕು. ಪ್ಯಾನೆಲ್ 50 ವ್ಯಾಟಿನದು. ಬೇಸಿಗೆಯಲ್ಲಿ ಸೋರಿಕೆ ಕಳೆದು ದಿನಕ್ಕೆ 140 ವ್ಯಾಟ್ ಅವರ್ ಸಿಗುತ್ತದೆ. ಜುಲೈಯಲ್ಲಿ ಅದರ ಮೂರನೇ ಒಂದು ಪಾಲೂ ಬರದ ದಿನಗಳಿವೆ. ಆಗ ಜಗಲಿಯಲ್ಲಿಟ್ಟ 14.6 ವೋಲ್ಟ್, 5 ಆಂಪಿಯರ್ ಚಾರ್ಜರ್ ಹಾಕುತ್ತೇನೆ. ನಾಲ್ಕೈದು ಗಂಟೆ ಕರೆಂಟ್ ಇದ್ದರೆ ಪೂರ್ತಿ ಖಾಲಿಯಾದ ಬ್ಯಾಟರಿಯೂ ತುಂಬುತ್ತದೆ. ಚಾರ್ಜರ್ ಕೊಳ್ಳುವಾಗ ಲಿಥಿಯಂ ಐರನ್ ಫಾಸ್ಫೇಟಿಗೇ ಅಂತ ಕೇಳಿ ತನ್ನಿ. ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಚಾರ್ಜ್ ಕಂಟ್ರೋಲರ್‌ನಲ್ಲೂ ಅದೇ ಬ್ಯಾಟರಿ ಅಂತ ಸೆಟ್ ಮಾಡಬೇಕು.

ಪ್ಯಾನೆಲ್ ಎಲ್ಲಿಡುತ್ತೀರಿ ಅನ್ನುವುದು ಪ್ಯಾನೆಲ್ಲಿನಷ್ಟೇ ಮುಖ್ಯ. ನಾನು ಮೊದಲು ಬಚ್ಚಲ ಮಾಡಿನ ಮೇಲೆ ಇಟ್ಟಿದ್ದೆ. ಹನ್ನೊಂದರ ಹೊತ್ತಿಗೆ ಅಡಿಕೆ ಸೋಗೆಯ ನೆರಳು ಬೀಳುತ್ತಿತ್ತು. ಇಷ್ಟಗಲ ನೆರಳು ಏನು ಮಹಾ ಅಂದುಕೊಂಡಿದ್ದೆ. ಪ್ಯಾನೆಲ್ಲಿನೊಳಗಿನ ತುಂಡುಗಳೆಲ್ಲ ಸರಪಳಿ ಹಾಗೆ ಜೋಡಿಸಿರುತ್ತವೆ. ಒಂದಕ್ಕೆ ನೆರಳಾದರೂ ಉಳಿದವುಗಳ ಕರೆಂಟ್ ಅಲ್ಲೇ ಕಟ್ಟಿಕೊಳ್ಳುತ್ತದೆ. ಈಗ ಕೊಟ್ಟಿಗೆ ಮಾಡಿನ ಮೇಲೆ, ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿ ಓರೆಯಾಗಿ ಕೂರಿಸಿದ್ದೇವೆ. ಆ ಓರೆಗೆ ಮಳೆ ನೀರೂ ನಿಲ್ಲುವುದಿಲ್ಲ. ನಿಮ್ಮ ಹಿತ್ತಲಲ್ಲಿ ಒಂದು ಭಾನುವಾರ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೋಗಿ ನೆರಳು ಎಲ್ಲಿದೆ ನೋಡಿ. ಆಮೇಲೆ ಜಾಗ ಆರಿಸಿ.

ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ದೀಪ. ಬಿಚ್ಚುವಾಗ ಇದರ ಉಲ್ಟಾ. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಹಾಕಿ. ಇದನ್ನು ಬಿಡಬೇಡಿ. ವೈರಿನಲ್ಲಿ ಜಿಪುಣತನವೂ ಬೇಡ. 12 ವೋಲ್ಟಿನಲ್ಲಿ ದೂರಕ್ಕೆ ಹೋದಷ್ಟೂ ವೋಲ್ಟೇಜ್ ಬೀಳುತ್ತದೆ. ನಮ್ಮ ಇಪ್ಪತ್ತು ಮೀಟರಿಗೆ 1 ಚದರ ಮಿಲಿಮೀಟರ್ ತಾಮ್ರದ ವೈರಾದರೆ ಒಂದು ವೋಲ್ಟಿಗಿಂತ ಜಾಸ್ತಿ ಬೀಳುತ್ತದೆ. 2.5ರಲ್ಲಿ ಅರ್ಧ ವೋಲ್ಟ್. ಬಲ್ಬ್ ತರುವಾಗ 10ರಿಂದ 30 ವೋಲ್ಟ್ ತಡೆಯುವುದನ್ನು ಕೇಳಿ. ಚಾರ್ಜ್ ಆಗುವಾಗ ವೋಲ್ಟೇಜ್ 14 ದಾಟುತ್ತದೆ, ಬರೀ 12 ಅಂತ ಬರೆದ ಸ್ಟ್ರಿಪ್‌ಗಳು ಅದಕ್ಕೇ ಬೇಗ ಹೋಗುತ್ತವೆ. ದೀಪದ ಮೇಲೆ ಐಪಿ 65 ಅಂತ ಇರಲಿ, ದೂಳು ನೀರು ಒಳಗೆ ಹೋಗದು ಅನ್ನುವ ಗುರುತು ಅದು. ಇರಚಲಿಗೆ ಅದು ಸಾಕು.

ದೀಪ ಎಲ್ಲಿ ಹಾಕಬೇಕು ಅಂತ ಕಲಿಸಿದ್ದು ಅತ್ತೆ. ನಾನು ಹಲಸಿನ ಮರಕ್ಕೆ ಎತ್ತರದಲ್ಲಿ ಕಟ್ಟಲು ಹೊರಟಿದ್ದೆ. "ಮೇಲೆ ಯಾರು ನಡೀತಾರೆ ಮಾರಾಯ್ತಿ, ಕಾಲಿಗೆ ಕಾಣ್ಲಿ" ಅಂದರು. ಸರಿಯಾದ ಮಾತು. ಈಗ ಮೂರು ದೀಪ ಮೊಣಕಾಲೆತ್ತರದಲ್ಲಿ, ಮುಖ ಕೆಳಗೆ: ಬಚ್ಚಲ ಮೆಟ್ಟಿಲಿಗೊಂದು, ಸೌದೆ ಮಾಡಿನ ಬುಡಕ್ಕೊಂದು, ದಾರಿಯ ತಿರುವಿಗೊಂದು. ಸೌದೆ ಸಂದಿಯಲ್ಲಿ ಕೊಳಕುಮಂಡಲ ಮಲಗಿದ್ದನ್ನು ಕಂಡವರು ನಾವು. ನಾಲ್ಕನೆಯದು ಕೊಟ್ಟಿಗೆ ಒಳಗೆ. ಸಂಜೆ ಆರೂವರೆಗೆ ತಾನಾಗಿ ಹತ್ತಿ ಹತ್ತೂವರೆಗೆ ಆರುತ್ತವೆ. ಬೆಳಗ್ಗೆ ಐದಕ್ಕೆ ಒಂದು ಗಂಟೆ ಹೊತ್ತು ಉರಿಯಲು ನಾನೇ ಸ್ವಿಚ್ ಹಾಕುತ್ತೇನೆ.

ಬೆಳಕು ಹಳದಿಯೇ ಇರಲಿ, 2700ರಿಂದ 3000 ಕೆಲ್ವಿನ್. ಬಿಳಿ ಬೆಳಕಿಗೆ ಹುಳ ಜಾಸ್ತಿ ಮುತ್ತುತ್ತದೆ. ಇನ್ನೊಂದು ಮಾತು, ಇದು ನನ್ನ ಮನಸ್ಸಿನದು. ಮೊದಲ ಮಳೆ ಬೀಳುವ ಹೊತ್ತಿಗೆ ನಮ್ಮ ತೋಟದ ಅಂಚಿನಲ್ಲಿ ಮಿಂಚುಹುಳ ತುಂಬುತ್ತವೆ. ಅವು ಜೊತೆ ಹುಡುಕುವುದೇ ಮಿನುಗಿನಿಂದ. ನಮ್ಮ ದೀಪ ಉರಿಯುತ್ತಿದ್ದರೆ ಒಂದಕ್ಕೊಂದು ಕಾಣುವುದಿಲ್ಲ. ಆ ಎರಡು ಮೂರು ವಾರ ದಾರಿಯ ತಿರುವಿನ ದೀಪ ಆರಿಸಿ ಟಾರ್ಚ್ ಹಿಡಿದು ಹೋಗುತ್ತೇನೆ. ನೀವೂ ಆರಿಸಿ, ದಯವಿಟ್ಟು.

ಇಷ್ಟೆಲ್ಲ ಬೇಡ ಅನ್ನುವವರಿಗೆ ಬೇರೆ ದಾರಿಯೂ ಇದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಅದರಿಂದಲೇ ಒಂದು ಲೈನ್ ಎಳೆಯಿರಿ. 20 ವ್ಯಾಟ್ ಅದಕ್ಕೆ ಲೆಕ್ಕವೇ ಅಲ್ಲ. ಆದರೆ ಅದು 230 ವೋಲ್ಟ್. ಒದ್ದೆ ನೆಲ, ಬಾವಿಕಟ್ಟೆ, ಬರಿಗಾಲು ಇರುವ ಜಾಗ ಅಲ್ವಾ? ಪೈಪಿನೊಳಗೆ ಎಳೆಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಗುಡ್ಡದಿಂದ ಹಳ್ಳ ಇಳಿಯುವ ಮನೆಯವರು ಪುಟ್ಟ ಟರ್ಬೈನ್ ಕೂರಿಸಿಕೊಂಡು ಮಳೆಗಾಲವಿಡೀ ಮನೆಗೇ ಕರೆಂಟ್ ಮಾಡಿಕೊಳ್ಳುವುದು ನಮ್ಮ ಮಲೆನಾಡಲ್ಲಿ ಹೊಸದಲ್ಲ. ನಮಗೆ ಅಷ್ಟು ಇಳಿಜಾರಿಲ್ಲ.

ಆರೈಕೆ ಕಡಿಮೆ. ತಿಂಗಳಿಗೊಮ್ಮೆ ಬಿಸಿಲೇರುವ ಮೊದಲು ಪ್ಯಾನೆಲ್ಲನ್ನು ಬರೀ ನೀರು, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ಕೆಳಗಿನ ಅಂಚಿಗೆ ಪಾಚಿ ಹಿಡಿಯುತ್ತದೆ, ಅದನ್ನು ಬಿಡಬೇಡಿ. ಏಪ್ರಿಲ್, ಮೇ ಗುಡುಗಿಗೆ ಮೋಡ ಕಟ್ಟಿದ ಕೂಡಲೇ, ಮಿಂಚು ಶುರುವಾಗುವ ಮೊದಲೇ, ನಾನು ಪ್ಯಾನೆಲ್ಲಿನ ಪ್ಲಗ್ ಬಿಚ್ಚಿಡುತ್ತೇನೆ. ಒಣಗಿದ ಸೊಪ್ಪಿನ ಮೇಲೆ ಮೊದಲ ಹನಿ ಬೀಳುವಾಗ ಅತ್ತೆಯೇ ನೆನಪು ಮಾಡುತ್ತಾರೆ.