ತಪ್ಪು ಸರ್ವರ್‌ನಲ್ಲಿ ಡಿಲೀಟ್ ಒತ್ತಿದ ಮೇಲೆ

ರಾತ್ರಿ ಪಾಳಿಯಲ್ಲಿ ಟೆಸ್ಟ್ ಸರ್ವರ್‌ನ ಡೇಟಾ ಟೇಬಲ್ ಅಳಿಸಲು ಹೋಗಿ ಪ್ರೊಡಕ್ಷನ್‌ನದ್ದು, ಅಂದರೆ ಗ್ರಾಹಕರು ನಿಜವಾಗಿ ಬಳಸುವ ಸರ್ವರ್‌ನದ್ದು, ಅಳಿಸಿಬಿಟ್ಟೆ. ಬ್ಯಾಕಪ್ ಕಾಪಾಡಿತು. ಆದರೂ ಗ್ರಾಹಕರು ಕಾದದ್ದು ಇವತ್ತಿಗೂ ಬೇಸರ.

'ಹುಷಾರಾಗಿರು' ಅಂದರೆ ಸಾಲದು. ನಿದ್ದೆಗಣ್ಣಲ್ಲಿ ಯಾರ ಕೈಯಾದರೂ ತಪ್ಪುತ್ತದೆ, ಅಲ್ವಾ? 2017ರ ಫೆಬ್ರುವರಿಯಲ್ಲಿ ಅಮೆಜಾನ್‌ನ ಎಸ್3 (ಇಂಟರ್ನೆಟ್‌ನಲ್ಲಿ ಡೇಟಾ ಇಡುವ ಸೇವೆ) ನಿಂತದ್ದೂ ಒಂದು ಕಮಾಂಡಿನ ತಪ್ಪಿನಿಂದಲೇ. ಆಮೇಲೆ ಅವರು ಟೂಲನ್ನೇ ತಿದ್ದಿದರು: ಸರ್ವರ್‌ಗಳನ್ನು ನಿಧಾನವಾಗಿ ತೆಗೆಯುವಂತೆ, ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಯದಂತೆ.

ನಾನೂ ಅದೇ ದಾರಿ ಹಿಡಿದೆ. ಪ್ರೊಡಕ್ಷನ್ ಟರ್ಮಿನಲ್‌ಗೆ (ಕಮಾಂಡ್ ಟೈಪ್ ಮಾಡುವ ವಿಂಡೋಗೆ) ಕೆಂಪು ಬಣ್ಣ. ದಿನದ ಲಾಗಿನ್‌ಗೆ ಓದುವ ಅನುಮತಿ ಮಾತ್ರ. ಅಳಿಸಬೇಕಾದರೆ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಮೊದಲು ಎಷ್ಟು ಸಾಲು ಹೋಗುತ್ತವೆ ಅಂತ ತೋರಿಸುತ್ತದೆ, ಆಮೇಲೆ ಸರ್ವರ್ ಹೆಸರನ್ನು ಪೂರ್ತಿ ಟೈಪ್ ಮಾಡಿಸುತ್ತದೆ. ಸುಮ್ನೆ 'ವೈ' (ಯೆಸ್) ಒತ್ತಿದರೆ ನಡೆಯುವುದಿಲ್ಲ. ಹೋದ ವಾರ ಮತ್ತೆ ತಪ್ಪು ವಿಂಡೋದಲ್ಲಿದ್ದೆ. ಹೆಸರು ಟೈಪ್ ಮಾಡುವಾಗಲೇ ಗೊತ್ತಾಯಿತು, ಕೈ ನಿಂತಿತು.